ಮಟ್ಟ ಹೇಳಿಕೊಟ್ಟ ಮೇಲೆ ಗುರುತಿಸುವುದೇನು?

ಮಿದುಳುಕಾಂಡದ ಚಿತ್ರ ಬರೆಸುವ ಪದ್ಧತಿಗೆ ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಸಿಗುವ ಮರ್ಯಾದೆ ಅದರ ಯೋಗ್ಯತೆಗಿಂತ ದೊಡ್ಡದು. ಬಾಗಲೂರಿನ ಹುಡುಗಿ ಕೃಷ್ಣಗಿರಿಯ ಕಾಲೇಜಿಗೆ ಸೇರಲಿ, ಗಡಿ ದಾಟಿ ಬೆಂಗಳೂರಿಗೆ ಹೋಗಲಿ, 2019ರಲ್ಲಿ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮ ಅವಳ ಮುಂದಿಡುವುದು ಅವೇ ಏಳು ಅಡ್ಡಸೀಳುಗಳನ್ನು: ಮೆಡುಲ್ಲಾದವು ಮೂರು, ಪಾನ್ಸಿನವು ಎರಡು, ಮಿಡ್‌ಬ್ರೈನಿನವು ಎರಡು. ಆಲಿವ್ ಮಟ್ಟದ ಚಿತ್ರ ಬರೆದು ಭಾಗಗಳನ್ನು ಹೆಸರಿಸು ಎಂದು ಪ್ರಶ್ನೆ. ಮಟ್ಟವನ್ನು ಪ್ರಶ್ನೆಯೇ ಹೇಳಿಬಿಟ್ಟರೆ ಕಷ್ಟದ ಅರ್ಧ ಮುಗಿಯಿತು. ಉಳಿದದ್ದು ಬಣ್ಣದ ಪೆನ್ಸಿಲ್ಲಿನ ಕೈಚಳಕ. ಪ್ರಾಯೋಗಿಕ ಪರೀಕ್ಷೆಯಲ್ಲಿ ಸ್ಲೈಡ್ ಇಡುತ್ತಾರಲ್ಲ ಎನ್ನಬಹುದು. ಇಡುವುದೂ ಬಾಯಿಪಾಠವಾದ ಆ ಮಟ್ಟಗಳದ್ದನ್ನೇ.

ಮೀಡಿಯಲ್ ಲೆಮ್ನಿಸ್ಕಸ್ ಒಂದನ್ನೇ ಹಿಡಿದು ನೋಡೋಣ. ಸೂಕ್ಷ್ಮಸ್ಪರ್ಶ, ಕಂಪನ, ಕೀಲುಗಳ ಅರಿವನ್ನು ಮೇಲಕ್ಕೊಯ್ಯುವ ಈ ನಾರುಕಟ್ಟು ಮೆಡುಲ್ಲಾದಲ್ಲಿ ನಡುಗೆರೆಗೆ ಅಂಟಿಕೊಂಡು, ಪಿರಮಿಡ್ಡಿನ ಹಿಂದೆ ನೆಟ್ಟಗೆ ನಿಂತಿರುತ್ತದೆ. ಕಾಲಿನ ನಾರುಗಳು ಮುಂದೆ, ಕೈಯವು ಹಿಂದೆ. ಪಾನ್ಸಿಗೆ ಬಂದರೆ ಅಡ್ಡಲಾಗಿ ಮಲಗಿದೆ. ಕಾಲಿನವು ಹೊರಕ್ಕೆ, ಕೈಯವು ಒಳಕ್ಕೆ. ಮಿಡ್‌ಬ್ರೈನಿನಲ್ಲಿ ರೆಡ್ ನ್ಯೂಕ್ಲಿಯಸ್ಸಿಗೆ ಜಾಗ ಬಿಟ್ಟು ಹೊರಮಗ್ಗುಲಿಗೆ ಸರಿದಿರುತ್ತದೆ. ಅಂದರೆ ಆ ಕಟ್ಟು ನಿಂತ ಭಂಗಿಯೇ ಮಟ್ಟವನ್ನು ಹೇಳಬಲ್ಲದು. ಏಳು ಬಿಡಿಚಿತ್ರಗಳಲ್ಲಿ ಕಾಣದೆ ಹೋಗುವುದು ಈ ತಿರುವೇ. ಅದು ಎಲ್ಲಿ ಹೊರಳಿತು ಎಂದು ಯಾವ ಪರೀಕ್ಷಕರೂ ಕೇಳುವುದಿಲ್ಲ. ಇನ್ನು ಇನ್ಫೀರಿಯರ್ ಕಾಲಿಕ್ಯುಲಸ್ ಬಳಿ ಅಲಗು ತುಸು ಓರೆಯಾದರೆ ಸೀಳಿನ ಹಿಂಭಾಗ ಮಿಡ್‌ಬ್ರೈನ್, ಮುಂಭಾಗ ಪಾನ್ಸ್. ಇದು ಯಾವ ಮಟ್ಟ? ಅಂಥ ಪ್ರಶ್ನೆಗೆ ಅಂಕವಿಟ್ಟವರಿಲ್ಲ.

ಇಷ್ಟೆಲ್ಲ ಯಾಕೆ, ನರರೋಗತಜ್ಞ ಪೀಟರ್ ಗೇಟ್ಸ್ 2005ರಲ್ಲಿ ಕೊಟ್ಟ ನಾಲ್ಕರ ನಿಯಮ ಸಾಲದೇ ಎನ್ನುವ ಮೇಷ್ಟ್ರುಗಳಿದ್ದಾರೆ. ನಡುವೆ ನಾಲ್ಕು ರಚನೆ, ಬದಿಯಲ್ಲಿ ನಾಲ್ಕು, ಮೆಡುಲ್ಲಾಕ್ಕೆ ನಾಲ್ಕು ನರ, ಪಾನ್ಸಿಗೆ ನಾಲ್ಕು. ಪಾರ್ಶ್ವವಾಯು ಬಡಿದವರ ಹಾಸಿಗೆಯ ಬಳಿ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಗೇಟ್ಸ್ ಬರೆದದ್ದೂ ನರರೋಗತಜ್ಞರಲ್ಲದ ವೈದ್ಯರಿಗೆಂದೇ. ಆದರೆ ಆ ನಿಯಮದಲ್ಲಿ ಲೆಮ್ನಿಸ್ಕಸ್ ಎಲ್ಲೆಡೆಯೂ ನಡುವಿನದೇ. ಮೇಲಿನ ಮಟ್ಟಗಳ ಸೀಳಿನಲ್ಲಿ ಅದು ಹಾಗಿರುವುದಿಲ್ಲ. ರೋಗಪತ್ತೆಯ ಚುಟುಕು ಸೂತ್ರವನ್ನು ಅಂಗರಚನೆಯ ಪಾಠದ ಪಟ್ಟಕ್ಕೇರಿಸಿದ್ದು ಗೇಟ್ಸರಲ್ಲ, ಅವರ ಭಕ್ತರು. ಪಠ್ಯದ ಚಿತ್ರದಲ್ಲಿ ಬೆನ್ನಿನ ಕಡೆ ಮೇಲಿದ್ದರೆ ಎಂಆರ್‌ಐಯಲ್ಲಿ ಮುಖದ ಕಡೆ ಮೇಲಿರುತ್ತದೆ. ಸೂತ್ರ ಒಪ್ಪಿಸಿದವಳು ಅಲ್ಲೂ ತಡವರಿಸುತ್ತಾಳೆ. ಹೊಸೂರು ರಸ್ತೆಯ ನಿಮ್ಹಾನ್ಸಿನಲ್ಲಿ ಮಿದುಳಿನದೇ ಸಂಗ್ರಹಾಲಯವಿದೆ. ಅಲ್ಲಿ ಬಣ್ಣ ಹಾಕದ ಮಿಡ್‌ಬ್ರೈನ್ ಸೀಳಿನಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾದ ಕಪ್ಪುಪಟ್ಟಿ ಬರಿಗಣ್ಣಿಗೇ ಕಂಡೀತು. ಲೆಮ್ನಿಸ್ಕಸ್ ಬಣ್ಣದ ಚಿತ್ರದಲ್ಲಿ ಕಂಡಷ್ಟು ಸಲೀಸಾಗಿ ಕಾಣದು. ಪರೀಕ್ಷೆಯಲ್ಲೂ ಅಂಥ ಹೆಸರಿಲ್ಲದ ಸೀಳೊಂದನ್ನು ಮುಂದಿಟ್ಟು, ಇದು ಎಲ್ಲಿಯದು, ಏನು ನೋಡಿ ಹೇಳುತ್ತೀ ಎಂದು ಕೇಳಬೇಕಾದ್ದು. ಅಂಕ ಹಾಕುವುದು ಕಷ್ಟವೆಂಬ ಆಕ್ಷೇಪವನ್ನು ಒಪ್ಪಬಹುದು. ಆ ಕಷ್ಟ ಪರೀಕ್ಷಕರದು, ಅದಕ್ಕಾಗಿ ಪ್ರಶ್ನೆಯನ್ನೇ ತಿರುಗುಮುರುಗು ಮಾಡಬೇಕಿಲ್ಲ.