ಆದ್ಯಕ್ಷರ ಸೂಚಿ ಮತ್ತು ಹಕಾರದ ಸ್ಥಾನ

ಹಾಡುಗಳನ್ನು ಮೊದಲ ಧ್ವನಿಯಿಂದ ವಿಂಗಡಿಸುವ ಜಪಾನೀ ಪಟ್ಟಿಗಳು ಅ-ಕ-ಸ-ತ-ನ-ಹ-ಮ-ಯ-ರ-ವ ಎಂಬ ಕ್ರಮದಲ್ಲಿ ಸಾಗುತ್ತವೆ. ಬೌದ್ಧರ ಸಂಸ್ಕೃತಾಧ್ಯಯನದೊಡನೆ ಅಲ್ಲಿಗೆ ಹೋದ ವರ್ಣಕ್ರಮವೇ ಇದರ ಮೂಲ. ನ-ಮಗಳ ನಡುವೆ, ಪವರ್ಗದ ಎಡೆಯಲ್ಲಿ, ಹಕಾರವೇಕೆ? ಪಕಾರದಿಂದ ಬಂದ ಆ ಧ್ವನಿ ಹಿಂದೆ ಓಷ್ಠ್ಯವಾಗಿತ್ತು. ಉಚ್ಚಾರ ಬದಲಾದರೂ ಸ್ಥಾನ ಕದಲಲಿಲ್ಲ.

ಹಳಗನ್ನಡದ ಪಕಾರವೂ ನಡುಗನ್ನಡದಲ್ಲಿ ಹಕಾರವಾಯಿತು. ಆದರೆ ನಮ್ಮ ಅಕಾರಾದಿಯಲ್ಲಿ ಹಕಾರದ ಸ್ಥಾನ ಕೊನೆಯ ಕಡೆಗೆ. ಒಂದೇ ಕೀರ್ತನೆ ಒಂದು ಪಾಠದಲ್ಲಿ ‘ಪೋಗು’ ಎಂದೂ ಇನ್ನೊಂದರಲ್ಲಿ ‘ಹೋಗು’ ಎಂದೂ ತೊಡಗಿದರೆ ಸೂಚಿಯಲ್ಲಿ ಎರಡು ಕೀರ್ತನೆಗಳಾಗುತ್ತವೆ. ಮುಂಬಯಿಯಲ್ಲಿ ಇದು ಬರಿಯ ತರ್ಕವಲ್ಲ. ಮಾಟುಂಗದಿಂದ ಡೊಂಬಿವಲಿಯವರೆಗೆ ಕರಾವಳಿಯವರೂ ಉತ್ತರ ಕರ್ನಾಟಕದವರೂ ನೆಲಸಿದ್ದಾರೆ. ಅವರವರ ಊರಿನ ಪಾಠ ಅವರವರ ಬಾಯಲ್ಲಿದೆ. ಇಲ್ಲಿ ದಾಸರ ಪದಗಳನ್ನು ಸಂಗ್ರಹಿಸುವವರು ಒಂದನ್ನು ಎರಡೆಂದು ಎಣಿಸಿದರೆ ದೋಷ ಅವರದಲ್ಲ, ಸೂಚಿಯದು.

ಕನ್ನಡದ ಆದಿಪ್ರಾಸ ನಿಲ್ಲುವುದು ಎರಡನೆಯ ಅಕ್ಷರದಲ್ಲಿ. ‘ಪೋಗು’ ಹೋಗಿ ‘ಹೋಗು’ ಬಂದರೂ ಗಕಾರ ಅಲ್ಲಿಯೇ ಇದೆ. ಹಾಡುವವರು ಆದ್ಯಕ್ಷರವನ್ನು ಬದಲಿಸಬಲ್ಲರು, ಪ್ರಾಸವನ್ನು ಸುಲಭವಾಗಿ ಕೆಡಿಸಲಾರರು. ಕರ್ತೃವಿನ ಗುರುತಾದ ಅಂಕಿತವಂತೂ ಪದದ ಕೊನೆಗೆ ಬರುವಂಥದು. ಆದ್ಯಕ್ಷರಕ್ಕೆ ಅದರ ಸುಳಿವೇ ಇಲ್ಲ. (ಪಲ್ಲವಿಯನ್ನು ಬಿಟ್ಟು ನುಡಿಯಿಂದಲೇ ಹಾಡತೊಡಗುವವರ ವಿಷಯ ಬೇರೆ.) ಆದಕಾರಣ ಆದ್ಯಕ್ಷರದ ಪಕ್ಕದಲ್ಲಿ ಪ್ರಾಸಾಕ್ಷರ, ಅಂಕಿತಗಳನ್ನೂ ನಮೂದಿಸದ ಸೂಚಿಯನ್ನು ಪಾಠಸಂಶೋಧನೆಗೆ ಆಧಾರವಾಗಿ ನಾವು ಒಪ್ಪಲಾರೆವು.