ಹಾರಿದರೆ ಫೌಲ್ ಏಕೆ?

ಸ್ನೂಕರ್‌ನಲ್ಲಿ ಅಡ್ಡ ನಿಂತ ಚೆಂಡಿನ ಮೇಲಿಂದ ಬಿಳಿ ಚೆಂಡನ್ನು ಹಾರಿಸಿದರೆ ಫೌಲ್. ಎದುರಾಳಿಗೆ ಕನಿಷ್ಠ 4, ಗರಿಷ್ಠ 7 ಅಂಕ. ಪೂಲ್‌ನಲ್ಲಿ ಇದೇ ಹೊಡೆತಕ್ಕೆ ಚಪ್ಪಾಳೆ. ಅದಕ್ಕೆಂದೇ ಗಿಡ್ಡ ಕೋಲುಗಳೂ ಉಂಟು. ಹೀಗಿರುವಾಗ ಈ ನಿಷೇಧ ಹಳೆಯ ಕ್ಲಬ್ಬುಗಳ ಮಡಿವಂತಿಕೆ ಎಂದು ಯಾರಿಗಾದರೂ ಅನ್ನಿಸೀತು. ಬ್ರಿಟಿಷ್ ಸೇನಾಧಿಕಾರಿ ನೆವಿಲ್ ಚೇಂಬರ್ಲೇನ್ 1875ರಲ್ಲಿ ಜಬಲ್ಪುರದಲ್ಲಿ ಹುಟ್ಟುಹಾಕಿದ, 1880ರ ದಶಕದಲ್ಲಿ ಊಟಿ ಕ್ಲಬ್ಬಿನಲ್ಲಿ ನಿಯಮಗಳ ರೂಪ ಪಡೆದ ಆಟವಿದು. ಮಡಿವಂತಿಕೆಯ ಗುಮಾನಿ ಬರುವುದು ಸಹಜ. ಆದರೆ ಎದುರಾಳಿಯ ದಾರಿ ಕಟ್ಟುವುದೇ ಈ ಆಟದ ಜೀವಾಳ. ಕಟ್ಟಿದ ದಾರಿಗೆ ಬೆಲೆ ಉಳಿಯಬೇಕಾದರೆ ಹಾರುವ ಹಾದಿ ಮುಚ್ಚಿರಲೇಬೇಕು.

ನಿಷೇಧದ ಪರವಾಗಿ ಮೇಜಿನ ಹಸಿರು ಬಟ್ಟೆ ಹರಿದೀತು ಎನ್ನುವವರಿದ್ದಾರೆ. ಈ ವಾದ ನಿಲ್ಲುವುದಿಲ್ಲ. ಕೋಲನ್ನು ಎತ್ತಿ ಹಿಡಿದು ಚೆಂಡನ್ನು ಬಾಗಿಸುವ ಹೊಡೆತದಿಂದಲೂ ಬಟ್ಟೆಗೆ ಅಪಾಯವಿದೆ, ಆದರೂ ಅದಕ್ಕೆ ಅನುಮತಿಯಿದೆ. ಇನ್ನು ನಿಯಮದ ವಿನಾಯಿತಿಗಳನ್ನು ನೋಡಿ: ಬಿಳಿ ಚೆಂಡು ಮೊದಲು ಒಂದು ಚೆಂಡಿಗೆ ತಾಗಿ ಆಮೇಲೆ ಇನ್ನೊಂದರ ಮೇಲೆ ಹಾರಿದರೆ ಅದು ಹಾರು ಹೊಡೆತವಲ್ಲ. ಅಂದರೆ ಚೆಂಡು ನೆಲ ಬಿಟ್ಟದ್ದು ತಪ್ಪಲ್ಲ, ತಡೆಯನ್ನು ದಾಟಿಕೊಂಡು ಮೊದಲ ಸ್ಪರ್ಶಕ್ಕೆ ಹೋದದ್ದು ತಪ್ಪು. ಸಿದ್ಧೇಶ್ವರ ಜಾತ್ರೆಯ ಕುಸ್ತಿ ಕಂಡವರಿಗೆ ಈ ನ್ಯಾಯ ಹೊಸದಲ್ಲ: ಪಟ್ಟಿಗೆ ಮರುಪಟ್ಟು ಹಾಕಬೇಕೇ ಹೊರತು ಕಣ ಬಿಟ್ಟು ಓಡಬಾರದು.

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಅಂಕದ ಲೆಕ್ಕದಲ್ಲಿದೆ. ಕೆಂಪು ಚೆಂಡುಗಳು ಮುಗಿದ ಮೇಲೆ ಆರು ಬಣ್ಣದ ಚೆಂಡುಗಳಲ್ಲಿ ಉಳಿಯುವುದು 27 ಅಂಕ. 30 ಅಂಕ ಹಿಂದಿರುವವನು ಎಲ್ಲವನ್ನೂ ಹಾಕಿದರೂ ಸೋಲುತ್ತಾನೆ. ಅವನಿಗಿರುವ ಆಸರೆ ಒಂದೇ, ಎದುರಾಳಿಯ ದಾರಿ ಕಟ್ಟಿ ಫೌಲ್ ಮಾಡಿಸುವುದು. ಹಾರುವುದಕ್ಕೆ ಒಪ್ಪಿಗೆ ಕೊಟ್ಟರೆ ಆ ಆಸರೆಯೇ ಸಡಿಲವಾಗುತ್ತದೆ. ಅಂಕ ಎಣಿಸದ ನೈನ್-ಬಾಲ್ ಪೂಲ್‌ನಲ್ಲಿ ಫೌಲಿನಿಂದ ಹೀಗೆ ಅಂತರ ತುಂಬಿಕೊಳ್ಳುವ ಪ್ರಶ್ನೆಯೇ ಇಲ್ಲ; ಅಲ್ಲಿ ಹಾರಲು ಬಿಟ್ಟರೂ ಆಟ ಕೆಡುವುದಿಲ್ಲ.

ಒಂದು ಕೌಶಲವನ್ನೇ ಕೊಂದಂತಾಯಿತಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಆ ಬೆಲೆ ತೆತ್ತೇ ಇನ್ನೊಂದು ಕೌಶಲ ಬೆಳೆದಿದೆ: ಚೆಂಡು ಮೇಜಿನಂಚಿನ ಎರಡು ಮೂರು ಕುಷನ್‌ಗಳಿಗೆ ಬಡಿದು ಸುತ್ತಿಬರುವ ಕೋನದ ಲೆಕ್ಕ. ಇದು ಸ್ನೂಕರ್‌ಗೆ ಬಿಲಿಯರ್ಡ್ಸ್‌ನಿಂದ ಬಂದ ಬಳುವಳಿ. ಬೆಂಗಳೂರಿನ ಪಂಕಜ್ ಅಡ್ವಾಣಿ ಎರಡೂ ಆಟಗಳಲ್ಲಿ ವಿಶ್ವ ಪ್ರಶಸ್ತಿ ಗೆದ್ದದ್ದು ಆ ನಂಟು ಇನ್ನೂ ಜೀವಂತ ಎಂಬುದಕ್ಕೆ ಸಾಕ್ಷಿ. ನಿಯಮದಲ್ಲಿ ಊನವಿಲ್ಲದೆ ಇಲ್ಲ. ಉದ್ದೇಶವಿಲ್ಲದೆ ಪುಟಿದ ಚೆಂಡಿಗೂ ದಂಡ ಬೀಳುತ್ತದೆ. ಚೆಂಡು ಆಚೆ ಬದಿಗೆ ಇಳಿಯಿತೇ ಈಚೆಗೇ ಉಳಿಯಿತೇ ಎಂಬುದನ್ನು ರೆಫರಿ ಕ್ಷಣಾರ್ಧದಲ್ಲಿ ತೀರ್ಮಾನಿಸಬೇಕು. ಆದರೂ ಆಟಗಾರನ ಮನಸ್ಸಿನ ಉದ್ದೇಶ ಅಳೆಯುವುದಕ್ಕಿಂತ ಚೆಂಡಿನ ಹಾದಿ ನೋಡುವುದು ಸುಲಭ, ನ್ಯಾಯಸಮ್ಮತ ಕೂಡ. ನಿಷೇಧ ಇರಲಿ, ಅದನ್ನು ಸಮರ್ಥಿಸಲು ಬಟ್ಟೆಯ ನೆಪ ಮಾತ್ರ ಬೇಡ.