ನಮ್ಮ ಮಾರಿಯೋ ನಿಧಾನಕ್ಕೆ ಓಡುತ್ತಿದ್ದ

ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯನ್ನು ಅಂಗೈ ಅಗಲಕ್ಕೆ ಕುಗ್ಗಿಸಿ ಹೊಸ ಬೆಲೆಗೆ ಮಾರಿದರೆ ಜನ ಸಾಲು ನಿಂತು ಕೊಳ್ಳುತ್ತಾರೆ ಎಂದು ತೋರಿಸಿಕೊಟ್ಟಿದ್ದು ನಿಂಟೆಂಡೊ ಕಂಪನಿ. 1983ರಲ್ಲಿ ಜಪಾನಿನಲ್ಲಿ ‘ಫ್ಯಾಮಿಕಾಮ್’, 1985ರಲ್ಲಿ ಅಮೆರಿಕದಲ್ಲಿ ‘ಎನ್‌ಇಎಸ್’ ಎಂಬ ಹೆಸರಿನಲ್ಲಿ ಬಂದಿದ್ದ ಯಂತ್ರವನ್ನು ಅದು 2016ರ ನವೆಂಬರ್‌ನಲ್ಲಿ ‘ಎನ್‌ಇಎಸ್ ಕ್ಲಾಸಿಕ್’ ಎಂದು ಮತ್ತೆ ಬಿಟ್ಟಿತು. ಕ್ಯಾಸೆಟ್ ಹಾಕುವ ಗೋಜಿಲ್ಲ, 30 ಆಟ ಒಳಗೇ ಇವೆ. ಆಗಿನ ಬೆಲೆ 60 ಡಾಲರ್. ಆರು ತಿಂಗಳು ತುಂಬುವಷ್ಟರಲ್ಲಿ 23 ಲಕ್ಷ ಪೆಟ್ಟಿಗೆ ಹೋದವು. 2017ರ ಏಪ್ರಿಲ್‌ನಲ್ಲಿ ತಯಾರಿಕೆ ನಿಲ್ಲಿಸಿದ ಕಂಪನಿ, ಜನರ ಗಲಾಟೆ ತಾಳಲಾರದೆ 2018ರ ಜೂನ್‌ನಲ್ಲಿ ಮತ್ತೆ ಬಿಟ್ಟಿತು. ಅದರ ಹಿಂದೆಯೇ ಸೋನಿ, ಸೇಗಾ ಕಂಪನಿಗಳೂ ತಮ್ಮ ತಮ್ಮ ಅಟ್ಟ ಹತ್ತಿ ಹಳೆಯ ಸಾಮಾನು ಇಳಿಸಿದರು.

ಭಾರತದಲ್ಲಿ ಎನ್‌ಇಎಸ್ ಕ್ಲಾಸಿಕ್ ಅಧಿಕೃತವಾಗಿ ಮಾರಾಟವಾಗಲಿಲ್ಲ. ದುಬೈಯಿಂದಲೋ ಅಮೆರಿಕದಿಂದಲೋ ಯಾರೋ ತಂದಿದ್ದು ಕೈಬದಲಾಗಿ, ಪ್ರತಿ ಕೈಯಲ್ಲೂ ಒಂದಿಷ್ಟು ಬೆಲೆ ಏರಿಸಿಕೊಂಡು ಬರಬೇಕು. ಹಾಗೆ ಬಂದ ಒಂದನ್ನು ಗುಂಡ್ಲುಪೇಟೆಯ ನನ್ನ ಗೆಳೆಯ ಗೊತ್ತುಮಾಡಿಕೊಂಡಿದ್ದಾನೆ. “ಅಣ್ಣಾ, ಇದ ತಕ್ಕಳವಾ ಬುಡವಾ?” ಎಂಬುದು ಅವನ ಪ್ರಶ್ನೆ. ಅವನ ವಯಸ್ಸು ನಲವತ್ತರ ಮೇಲೆ. ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಯ ತಾಲ್ಲೂಕಾಗಿದ್ದ ಕಾಲದಲ್ಲಿ, ಅಂದರೆ 1997ಕ್ಕೂ ಮೊದಲು, ರಜೆಗೆ ಅಲ್ಲಿನ ಅತ್ತೆ ಮನೆಗೆ ಹೋಗಿ ಟಿ.ವಿ. ಮುಂದೆ ಕೂತು ಕಾಂಟ್ರಾ ಆಡಿದವನು. ಈಗ ಬೇಕಿರುವುದು ಅದೇ ಅಂತೆ. ಪೆಟ್ಟಿಗೆ ಚೆನ್ನಾಗಿದೆಯೇ ಎಂಬುದೊಂದು ಪ್ರಶ್ನೆ, ಅದು ಅವನಿಗೆ ಬೇಕಾದ್ದನ್ನು ಕೊಡುತ್ತದೆಯೇ ಎಂಬುದು ಬೇರೊಂದು.

ಮೊದಲನೆಯದಕ್ಕೆ ಉತ್ತರ ಸುಲಭ. ಚೆನ್ನಾಗಿದೆ. ಚಿತ್ರ ಶುದ್ಧವಾಗಿದೆ, ಮಾರಿಯೋನ ಟೋಪಿಯ ಒಂದೊಂದು ಚೌಕವನ್ನೂ ಎಣಿಸಬಹುದು. ಗುಂಡಿ ಒತ್ತಿದರೆ ಸಿಗುವ ಪ್ರತಿಕ್ರಿಯೆ, ರಿಮೋಟಿನ ತೂಕ, ಎರಡರಲ್ಲೂ ಅಗ್ಗದ ಆಟಿಕೆಯ ಗುಣವಿಲ್ಲ. ಆಟವನ್ನು ಎಲ್ಲಿ ಬೇಕಾದರೂ ನಿಲ್ಲಿಸಿ, ಒಂದೊಂದು ಆಟಕ್ಕೆ ನಾಲ್ಕು ಕಡೆ ಗುರುತು ಹಾಕಿಟ್ಟು ಮತ್ತೆ ಅಲ್ಲಿಂದಲೇ ಮುಂದುವರಿಸಬಹುದು. ಅನುಕೂಲವೇನೋ ಹೌದು. ಆದರೆ ಮೂರೇ ಲೈಫ್ ಇಟ್ಟುಕೊಂಡು ಕೊನೆಯ ಹಂತದವರೆಗೆ ಉಸಿರು ಬಿಗಿಹಿಡಿದು ಹೋಗುವುದೇ ಈ ಆಟಗಳ ಜೀವಾಳ. ಸತ್ತರೆ ಹಿಂದಿನ ಗುರುತಿನಿಂದ ಏಳಬಹುದು ಎಂದು ಗೊತ್ತಾದ ಕೂಡಲೇ ಕೈ ಸಡಿಲವಾಗುತ್ತದೆ. ನಮ್ಮ ಕಡೆ ಆಗ ಆಟದ ಕೊನೆಯ ರಾಕ್ಷಸನಿಗಿಂತ ದೊಡ್ಡ ರಾಕ್ಷಸ ಲೋಡ್ ಶೆಡ್ಡಿಂಗ್. ಏಳನೇ ಹಂತದಲ್ಲಿ ಕರೆಂಟ್ ಹೋದರೆ ಮತ್ತೆ ಒಂದನೇ ಹಂತ. ಆ ಲೋಡ್ ಶೆಡ್ಡಿಂಗ್ ಮತ್ತೆ ಬರಲಿ ಎಂದು ಯಾರೂ ಬಯಸುವುದಿಲ್ಲ, ನಾನೂ ಬಯಸುವುದಿಲ್ಲ. ಆದರೂ ಆ ಗುರುತು ಹಾಕುವ ಸೌಲಭ್ಯವನ್ನು ಮುಟ್ಟದೆ ಆಡುವವನಿಗೇ ಈ ಪೆಟ್ಟಿಗೆಯ ನಿಜವಾದ ರುಚಿ.

ಕೊರತೆಗಳೂ ಇವೆ. ರಿಮೋಟಿನ ತಂತಿ ಮೊದಲ ಸರಕಿನಲ್ಲಿ ಹೆಚ್ಚುಕಡಿಮೆ ಎರಡೂವರೆ ಅಡಿ. ಟಿ.ವಿ.ಯ ಮೂಗಿನ ಕೆಳಗೆ ಕೂರಬೇಕು, ಇಲ್ಲವೇ ಪೆಟ್ಟಿಗೆಯನ್ನೇ ಹಜಾರದ ನಡುವಿಗೆ ಎಳೆದುಕೊಳ್ಳಬೇಕು. ಇನ್ನು, ಡಬ್ಬಿಯಲ್ಲಿ ರಿಮೋಟ್ ಇರುವುದೇ ಒಂದು. ಇಬ್ಬರು ಆಡುವ ಆಟಗಳನ್ನು ಒಳಗೆ ತುಂಬಿ, ಎರಡನೇ ರಿಮೋಟನ್ನು ಬೇರೆ ಬೆಲೆಗೆ ಮಾರಿದ್ದನ್ನು ನಾನು ಜಿಪುಣತನ ಎಂದೇ ಕರೆಯುತ್ತೇನೆ.

ಎರಡನೇ ಪ್ರಶ್ನೆಗೆ ಬಂದರೆ ವಿಷಯ ಬೇರೆಯೇ. ಚಾಮರಾಜನಗರದ ಆ ಟಿ.ವಿ. ಮುಂದೆ ಇದ್ದದ್ದು ನಿಂಟೆಂಡೊ ಆಗಿರಲಿಲ್ಲ. ‘ಮೀಡಿಯಾ’, ‘ಲಿಟಲ್ ಮಾಸ್ಟರ್’ ಮುಂತಾದ ಹೆಸರು ಹೊತ್ತು ಬರುತ್ತಿದ್ದವೆಲ್ಲ ಫ್ಯಾಮಿಕಾಮಿನ ನಕಲುಗಳು. ಇಂಥ ನಕಲುಗಳಿಗೆ ಬೇಕಾದ ಚಿಪ್ಪನ್ನು ತೈವಾನಿನ ಯುಎಂಸಿಯಂಥ ಕಂಪನಿಗಳು ಮಾಡುತ್ತಿದ್ದವು. ಆಂಟೆನಾದ ತಂತಿ ಕಿತ್ತು ಅದರ ಜಾಗಕ್ಕೆ ಇದರ ತಂತಿ ಸಿಕ್ಕಿಸಿ, ಚಾನೆಲ್ ತಿರುಗಿಸಿ ತಿರುಗಿಸಿ ಚಿತ್ರ ಹಿಡಿಯಬೇಕಿತ್ತು. ಆಟ ಶುರುವಾಗದಿದ್ದರೆ ಅಮೆರಿಕದ ಮಕ್ಕಳಂತೆ ನಾವೂ ಕ್ಯಾಸೆಟ್ಟಿಗೆ ಊದಿದೆವು. ಅಲ್ಲಿನ ಯಂತ್ರದಲ್ಲಿ ಕ್ಯಾಸೆಟ್ಟನ್ನು ಮುಂದಿನಿಂದ ತೂರಿಸಿ ಕೆಳಗೆ ಒತ್ತಬೇಕಿತ್ತು, ಆ ಕೀಲು ಸಡಿಲವಾಗಿ ತೊಂದರೆ ಕೊಡುತ್ತಿತ್ತು. ನಮ್ಮ ನಕಲುಗಳಲ್ಲಿ ಕ್ಯಾಸೆಟ್ ಮೇಲಿನಿಂದ ನೇರ ಇಳಿಯುತ್ತಿದ್ದರಿಂದ ಆ ರೋಗ ಅಷ್ಟಾಗಿ ಇರಲಿಲ್ಲ. ಊದಿದ ಎಂಜಲಿನ ತೇವಕ್ಕೆ ತಾಮ್ರ ಹಾಳಾಗಿದ್ದೇ ಹೆಚ್ಚು.

ಆಟಗಳ ಪಟ್ಟಿ ನೋಡಿ. ಎನ್‌ಇಎಸ್ ಕ್ಲಾಸಿಕ್‌ನ ಅಮೆರಿಕದ ಪಟ್ಟಿಯಲ್ಲಿ ಮಾರಿಯೋ ಇದ್ದಾನೆ, ಐಸ್ ಕ್ಲೈಂಬರ್ ಇದೆ, ಎಕ್ಸೈಟ್ ಬೈಕ್ ಇದೆ, ಗ್ಯಾಲಗಾ ಇದೆ. ಅಲ್ಲಿಗೆ ನಮ್ಮ ಪರಿಚಯ ಹೆಚ್ಚುಕಡಿಮೆ ಮುಗಿಯಿತು. ಕಾಂಟ್ರಾ ಇಲ್ಲ, ಅದರ ಎರಡನೇ ಭಾಗ ‘ಸೂಪರ್ ಸಿ’ ಇದೆ. ಡಕ್ ಹಂಟ್ ಇಲ್ಲ. ನಾವು ‘ಟ್ಯಾಂಕ್’ ಎನ್ನುತ್ತಿದ್ದ ಬ್ಯಾಟಲ್ ಸಿಟಿ ಇಲ್ಲ, ರೋಡ್ ಫೈಟರ್ ಇಲ್ಲ, ಸರ್ಕಸ್ ಚಾರ್ಲಿ ಇಲ್ಲ, ಬಾಂಬರ್‌ಮ್ಯಾನ್ ಇಲ್ಲ, ಅಡ್ವೆಂಚರ್ ಐಲ್ಯಾಂಡ್ ಇಲ್ಲ. ಬದಲಿಗೆ ಜೆಲ್ಡಾ, ಮೆಟ್ರಾಯ್ಡ್, ಫೈನಲ್ ಫ್ಯಾಂಟಸಿ. ಇವು ದಿನಗಟ್ಟಲೆ ಕೂತು, ಅಲ್ಲಲ್ಲಿ ಇಂಗ್ಲಿಷ್ ಓದಿಕೊಂಡು ಆಡುವ ಆಟಗಳು. ಅಲ್ಲಿನ ಪಟ್ಟಿಯನ್ನು ಅಭಿರುಚಿ ನಿರ್ಧರಿಸಿತು ಎನ್ನಬಹುದು. ನಮ್ಮದನ್ನು ಬಹುಮಟ್ಟಿಗೆ ಚಿಪ್ಪಿನ ಗಾತ್ರ ನಿರ್ಧರಿಸಿತು. ಬ್ಯಾಟಲ್ ಸಿಟಿ, ರೋಡ್ ಫೈಟರ್, ಸರ್ಕಸ್ ಚಾರ್ಲಿ ತಲಾ 24 ಕಿಲೋಬೈಟ್, ಮೊದಲ ಮಾರಿಯೋ 40. ಜೆಲ್ಡಾ 128 ಕಿಲೋಬೈಟ್, ಜೊತೆಗೆ ಆಟ ಉಳಿಸಿಡಲು ಕ್ಯಾಸೆಟ್ಟಿನೊಳಗೆ ಬ್ಯಾಟರಿ ಬೇರೆ. ಒಂದೇ ಕ್ಯಾಸೆಟ್ಟಿಗೆ ಹತ್ತಾರು ಆಟ ತುರುಕಿ, ಅವನ್ನೇ ಹಂತ ಬದಲಿಸಿ ಮತ್ತೆ ಮತ್ತೆ ಎಣಿಸಿ ‘9999 ಇನ್ 1’ ಎಂದು ಅಚ್ಚು ಹಾಕುವವನಿಗೆ ಚಿಕ್ಕ ಆಟಗಳೇ ಲಾಭ. ಕಾಂಟ್ರಾ ದೊಡ್ಡ ಆಟ; ಅದಕ್ಕೇ ಅದು ನಾಲ್ಕೈದು ಆಟಗಳ ಕ್ಯಾಸೆಟ್ಟಿನಲ್ಲಿ ಮಹಾರಾಜನಂತೆ ಬರುತ್ತಿತ್ತು.

ಇದಕ್ಕಿಂತ ಸೂಕ್ಷ್ಮವಾದ ವ್ಯತ್ಯಾಸ ಇನ್ನೊಂದಿದೆ. ನನ್ನ ಮಟ್ಟಿಗೆ ತೀರ್ಮಾನ ನಿಂತಿರುವುದು ಅದರ ಮೇಲೆ. ಜಪಾನ್ ಮತ್ತು ಅಮೆರಿಕದ ಟಿ.ವಿ.ಗಳು ಸೆಕೆಂಡಿಗೆ 60 ಸಲ ಚಿತ್ರ ಬರೆಯುತ್ತಿದ್ದವು, ನಮ್ಮ ದೂರದರ್ಶನದ ಪಾಲ್ ಪದ್ಧತಿಯಲ್ಲಿ 50 ಸಲ. ಈ ಆಟಗಳಲ್ಲಿ ಕಾಲ ನಡೆಯುವುದು ಗಡಿಯಾರದ ಲೆಕ್ಕದಲ್ಲಲ್ಲ, ಚಿತ್ರದ ಲೆಕ್ಕದಲ್ಲಿ. ಒಂದು ಚಿತ್ರ ಬರೆದಾಗ ಮಾರಿಯೋ ಒಂದಿಷ್ಟು ಸರಿಯುತ್ತಾನೆ, ಸಂಗೀತ ಒಂದಿಷ್ಟು ಮುಂದೆ ಹೋಗುತ್ತದೆ. ಪಾಲ್ ದೇಶಗಳಿಗೆಂದು ಮಾಡಿದ ನಕಲು ಚಿಪ್ಪುಗಳು ಮೂಲ ಪ್ರೊಸೆಸರಿನ ವೇಗವನ್ನು ಹೆಚ್ಚುಕಡಿಮೆ ಹಾಗೇ ಇಟ್ಟುಕೊಂಡು, ಎರಡು ಚಿತ್ರಗಳ ನಡುವಿನ ಬಿಡುವನ್ನು ಮಾತ್ರ ಹಿಗ್ಗಿಸಿದವು. ಪರಿಣಾಮವಾಗಿ ಹಾಡಿನ ಶ್ರುತಿ ಬದಲಾಗಲಿಲ್ಲ, ಲಯ ಮಾತ್ರ ಆರರಲ್ಲಿ ಒಂದು ಪಾಲು ನಿಧಾನವಾಯಿತು. ಮೂಲದಲ್ಲಿ ಒಂದು ಸೆಕೆಂಡಿನ ನೆಗೆತ ನಮಗೆ 1.2 ಸೆಕೆಂಡು. ರಾಕ್ಷಸ ಬೌಸರನ ಬೆಂಕಿಯೂ ಅಷ್ಟೇ ನಿಧಾನ, ಆಟದ ಮೂಲೆಯ ಗಡಿಯಾರವೂ ಅಷ್ಟೇ ನಿಧಾನ. ಹೀಗೆ ಕಲಿತ ಹೆಬ್ಬೆರಳು ಎನ್‌ಇಎಸ್ ಕ್ಲಾಸಿಕ್ ಹಿಡಿದ ಮೊದಲ ನಿಮಿಷದಲ್ಲೇ ಹಳ್ಳಕ್ಕೆ ಬೀಳುತ್ತದೆ. “ವಯಸ್ಸಾಯ್ತು” ಎಂದು ನಗುತ್ತೇವೆ. ವಯಸ್ಸಿನದು ಸ್ವಲ್ಪ ಪಾಲಿರಬಹುದು, ಉಳಿದದ್ದು ಪಾಲ್‌ನದು.

ಸೋನಿ 2018ರ ಡಿಸೆಂಬರ್‌ನಲ್ಲಿ ‘ಪ್ಲೇಸ್ಟೇಷನ್ ಕ್ಲಾಸಿಕ್’ ಬಿಟ್ಟಾಗ ಅದರ 20 ಆಟಗಳಲ್ಲಿ 9 ಯುರೋಪಿನ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲದ, ಪಾಲ್ ಪ್ರತಿಗಳಾಗಿದ್ದವು. ಅಮೆರಿಕದ ವಿಮರ್ಶಕರು ಅದನ್ನು ಮೋಸ ಎಂಬಂತೆ ಜರೆದರು. ಬೆಲೆಯೂ ಕೆಲವೇ ತಿಂಗಳಲ್ಲಿ ನೆಲ ಕಚ್ಚಿತು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಅವರು ದೋಷ ಎಂದದ್ದು ನಮ್ಮ ಬಾಲ್ಯದ ಸಹಜ ವೇಗ. ಹಾಗೆಂದು ಸೋನಿಯದನ್ನು ಕೊಳ್ಳಿ ಎನ್ನುತ್ತಿಲ್ಲ. ಆ ಪೆಟ್ಟಿಗೆ ಬೇರೆ ಹಲವು ಕಾರಣಗಳಿಗೂ ಕಳಪೆ.

ಡಕ್ ಹಂಟ್ ಬಗ್ಗೆ ಗೆಳೆಯ ಬಹಳ ಆಸೆ ಇಟ್ಟುಕೊಂಡಿದ್ದಾನೆ, ಆದ್ದರಿಂದ ಹೇಳಲೇಬೇಕು. ಅದನ್ನು ಈಗಿನ ಎಲ್‌ಇಡಿ ಟಿ.ವಿ.ಯಲ್ಲಿ ಹಳೆಯ ಗನ್ನಿನಿಂದ ಆಡಲಾಗದು. ಆ ಗನ್ ಏನನ್ನೂ ಹಾರಿಸುವುದಿಲ್ಲ, ನೋಡುತ್ತದೆ. ಟ್ರಿಗರ್ ಒತ್ತಿದಾಗ ಪರದೆ ಕ್ಷಣಕಾಲ ಕಪ್ಪಾಗಿ, ಬಾತುಕೋಳಿ ಇರುವ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ಗನ್ನಿನ ನಳಿಗೆಯೊಳಗಿನ ಬೆಳಕಿನ ಸಂವೇದಕಕ್ಕೆ ಸರಿಯಾದ ಕ್ಷಣದಲ್ಲಿ ಬಿಳುಪು ಕಂಡರೆ ಗುರಿ ತಾಗಿತು ಎಂದು ಲೆಕ್ಕ. ಗಾಜಿನ ಕೊಳವೆಯ ಟಿ.ವಿ.ಯಲ್ಲಿ ಚಿತ್ರ ತಡವಿಲ್ಲದೆ ಗೆರೆಗೆರೆಯಾಗಿ ಮೂಡುತ್ತಿದ್ದರಿಂದ ಇದು ಸಾಧ್ಯವಾಗಿತ್ತು. ಎಲ್‌ಇಡಿ ಟಿ.ವಿ. ಚಿತ್ರವನ್ನು ಒಳಗೆ ಹಿಡಿದಿಟ್ಟು, ತಿದ್ದಿ ತೀಡಿ ತೋರಿಸುವ ಹೊತ್ತಿಗೆ ಆ ಕ್ಷಣ ದಾಟಿರುತ್ತದೆ. ಇದೇ ತಡ ಮಾರಿಯೋನ ನೆಗೆತಕ್ಕೂ ಅಡ್ಡ ಬರುತ್ತದೆ. ಟಿ.ವಿ.ಯಲ್ಲಿ ‘ಗೇಮ್ ಮೋಡ್’ ಎಂಬುದಿದ್ದರೆ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಪೆಟ್ಟಿಗೆ ಎಷ್ಟೇ ಒಳ್ಳೆಯದಿದ್ದರೂ ಆಟ ಜಾರುತ್ತದೆ.

ಹಳೆಯದರ ಜಾಗಕ್ಕೆ ಹೊಸದು ಬರುವುದಕ್ಕೆ ನಮ್ಮ ಕಡೆಯದೇ ಒಂದು ಉದಾಹರಣೆ ಇದೆ. ಚಾಮರಾಜನಗರದ ಚಾಮರಾಜೇಶ್ವರ ದೇವಸ್ಥಾನದ ದೊಡ್ಡ ತೇರು 2017ರಲ್ಲಿ ಬೆಂಕಿಗೆ ಸಿಕ್ಕಿ ಹಾಳಾಯಿತು. ಕೆಲವು ಆಷಾಢಗಳು ತೇರಿಲ್ಲದೆ ಕಳೆದು, 2022ರಲ್ಲಿ ಹೊಸ ತೇರು ಬೀದಿಗೆ ಇಳಿಯಿತು. ಆಷಾಢಕ್ಕೆ ಬೇರೆಯಾಗಿದ್ದ ಹೊಸ ಜೋಡಿಗಳು ಬಂದು ಹಣ್ಣು ಜವನ ಎಸೆದರು. ಮರ ಹಳೆಯದೋ ಹೊಸದೋ ಎಂದು ಯಾರೂ ವಿಚಾರಿಸಲಿಲ್ಲ. ವಿಚಾರಿಸುವ ಅಗತ್ಯವೂ ಇರಲಿಲ್ಲ, ಯಾಕೆಂದರೆ ಬೀದಿ ಅದೇ, ಹಗ್ಗ ಎಳೆಯುವ ಊರೂ ಅದೇ. ಎನ್‌ಇಎಸ್ ಕ್ಲಾಸಿಕ್ ಮಾಡಿರುವುದು ತಿರುಗಾಮುರುಗಾ ಕೆಲಸ. ತೇರನ್ನು ಚೊಕ್ಕವಾಗಿ ಕೆತ್ತಿ ಕೊಟ್ಟಿದೆ, ಅದೂ ಇನ್ನೊಂದು ಊರಿನ ತೇರನ್ನು. ಬೀದಿಯನ್ನು ನಾವೇ ಹೊಂದಿಸಿಕೊಳ್ಳಬೇಕು. ಹಜಾರದಲ್ಲಿ ಚಾಪೆ, “ಈಗ ನಂದು” ಎಂದು ರಿಮೋಟ್ ಕಿತ್ತುಕೊಳ್ಳುವ ದೊಡ್ಡಪ್ಪನ ಮಗ, ನ್ಯೂಸ್ ಹೊತ್ತಿಗೆ ಬಂದು ತಂತಿ ಕೀಳುವ ಮಾವ, ಇವರನ್ನೆಲ್ಲ 60 ಡಾಲರಿಗೆ ಯಾರು ಕೊಡುತ್ತಾರೆ?

ಹಾಗಾದರೆ ನಮ್ಮ ನಕಲು ಪೆಟ್ಟಿಗೆಯ ನಿಜವಾದ ವಾರಸುದಾರ ಯಾರು? ಸಂಶಯವೇ ಬೇಡ. ಊಟಿಗೂ ವಯನಾಡಿಗೂ ಹೋಗುವ ದಾರಿಯ ಅಂಗಡಿಗಳಲ್ಲಿ, ಜಾತ್ರೆಯ ಆಟಿಕೆ ಸಾಲಿನಲ್ಲಿ ತೂಗುಬಿಟ್ಟಿರುವ ‘ಸೂಪ್ 400 ಇನ್ 1’. ಕೆಲವೇ ನೂರು ರೂಪಾಯಿಯ ಕೈಯಾಟಿಕೆ. ಮೂರಂಗುಲದ ಪರದೆ, ಹಳೆಯ ನೋಕಿಯಾ ಫೋನಿನ ಮಾದರಿಯ ಬ್ಯಾಟರಿ, ಟಿ.ವಿ.ಗೆ ಸೇರಿಸಲು ತಂತಿ. ಒಳಗಿರುವುದು ಅದೇ ಫ್ಯಾಮಿಕಾಮನ್ನು ಇಡಿಯಾಗಿ ಒಂದೇ ಚಿಪ್ಪಿಗೆ ಇಳಿಸಿದ ನಕಲು. ಟ್ಯಾಂಕ್ ಇದೆ, ರೋಡ್ ಫೈಟರ್ ಇದೆ, 400 ಎಂಬ ಲೆಕ್ಕದಲ್ಲಿ ಹಳೆಯ ಕೈಚಳಕವೂ ಇದೆ. ಯಂತ್ರದ ಪೇಟೆಂಟ್‌ಗಳ ಅವಧಿ ಎಂದೋ ಮುಗಿದಿರುವುದರಿಂದ ಚಿಪ್ಪಿನ ಬಗ್ಗೆ ತಕರಾರಿಲ್ಲ. ಆಟಗಳ ಹಕ್ಕು ಮಾತ್ರ ಇನ್ನೂ ಜೀವಂತ, ಅದನ್ನು ನಕಲು ಮಾಡುವವರು ಆಗಲೂ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ವಸ್ತುವಾಗಿ ಇದು ಕಳಪೆ. ಧ್ವನಿ ಒಡಕು, ಗುಂಡಿಗಳು ಬೇಗ ಮೆತ್ತಗಾಗುತ್ತವೆ, ಬಣ್ಣಗಳು ಎಲ್ಲೆಲ್ಲೋ ಹೋಗಿರುತ್ತವೆ. ಆದರೂ ನೆನಪಿಗೆ ನಿಷ್ಠೆ ಎಂಬುದೇ ಅಳತೆಗೋಲಾದರೆ ನಿಂಟೆಂಡೊ ಪೆಟ್ಟಿಗೆ ಇದರ ಮುಂದೆ ಸೋಲುತ್ತದೆ. ನನಗೆ ಈ ಮಾತು ಹೇಳಲು ಖುಷಿಯಿಲ್ಲ.

ನೆನಪಿಗಾಗಿಯೇ ಖರ್ಚು ಮಾಡುವುದಾದರೆ ಗುಜರಿಯವರ ಬಳಿ ಗಾಜಿನ ಕೊಳವೆಯ ಟಿ.ವಿ. ಇನ್ನೂ ಸಿಗಬಹುದು, ಅಟ್ಟದಲ್ಲಿ ಹಳೆಯ ನಕಲು ಪೆಟ್ಟಿಗೆಯೂ ಇರಬಹುದು. ಅವೆರಡೂ ಕೂಡಿದರೆ ಬಾತುಕೋಳಿಯೂ ಬೀಳುತ್ತದೆ, ಮಾರಿಯೋ ನಮ್ಮ ವೇಗದಲ್ಲೇ ಓಡುತ್ತಾನೆ. ವಿದೇಶದಿಂದ ಬಂದ ಪೆಟ್ಟಿಗೆಗೆ ನಿಜವಾದ ಬೆಲೆಯ ಮೇಲೆ ಇಷ್ಟೊಂದು ಕೊಟ್ಟು, ಕೆಟ್ಟರೆ ಅರವತ್ತು ಕಿಲೋಮೀಟರ್ ಆಚೆಯ ಮೈಸೂರಿನಲ್ಲೂ ಬಿಡಿಭಾಗ ಸಿಗುವ ಭರವಸೆಯಿಲ್ಲದೆ, ತನ್ನದಲ್ಲದ ಬಾಲ್ಯವನ್ನು ಕೊಳ್ಳುವುದರಲ್ಲಿ ನನಗೆ ಅರ್ಥ ಕಾಣುತ್ತಿಲ್ಲ.

ಬದಲಿಗೆ, ಬಾಲ್ಯದ ಮಾತನ್ನೇ ಬಿಟ್ಟು ಒಂದು ಒಳ್ಳೆಯ ಆಟದ ಪೆಟ್ಟಿಗೆ ಬೇಕು ಎನ್ನುವುದಾದರೆ ನನ್ನ ಮತ ಸೇಗಾ 2019ರಲ್ಲಿ ಬಿಟ್ಟ ‘ಮೆಗಾ ಡ್ರೈವ್ ಮಿನಿ’ಗೆ. ಮೂಲ ಯಂತ್ರವನ್ನು 1990ರ ದಶಕದ ನಡುವಿನಲ್ಲಿ ಶಾ ವಾಲೇಸ್ ಕಂಪನಿ ಭಾರತಕ್ಕೆ ತಂದಿತ್ತು. ನಕಲು ಪೆಟ್ಟಿಗೆ ಕೊಳ್ಳುವುದೇ ದೊಡ್ಡ ಮಾತಾಗಿದ್ದ ನಮ್ಮಂಥ ಮನೆಗಳಿಗೆ ಅದು ಎಟುಕುವ ವಸ್ತುವಾಗಿರಲಿಲ್ಲ. ಆದ್ದರಿಂದ ಇದರಲ್ಲಿ ನೆನಪಿನ ಜೊತೆ ತಾಳೆ ನೋಡುವ ಕಾಟವಿಲ್ಲ. 42 ಆಟಗಳನ್ನು ಹೊಸ ಪೆಟ್ಟಿಗೆಗೆ ಹೊಂದಿಸಿದ್ದು ಎಂ2 ಎಂಬ ಜಪಾನಿನ ಸಂಸ್ಥೆ, ಈ ಕೆಲಸದಲ್ಲಿ ಪಳಗಿದ ಕೈ. ‘ಗನ್‌ಸ್ಟಾರ್ ಹೀರೋಸ್’ ಎಂಬುದನ್ನು ಇಬ್ಬರು ಕೂತು ಆಡಿದರೆ ಕಾಂಟ್ರಾದ ಹಸಿವೂ ಇಂಗುತ್ತದೆ. ಅದರ ವೇಗ ಹೆಚ್ಚೋ ಕಡಿಮೆಯೋ ಎಂದು ಹೇಳಲು ನಮ್ಮ ಹೆಬ್ಬೆರಳಿಗೆ ಯಾವ ಅಳತೆಯೂ ಇಲ್ಲ. ಕೊಳ್ಳುವಾಗ ಡಬ್ಬಿ ತಿರುಗಿಸಿ ನೋಡಬೇಕು. ಅಮೆರಿಕ ಮತ್ತು ಯುರೋಪಿನ ಡಬ್ಬಿಗಳಲ್ಲಿ ರಿಮೋಟ್ ಎರಡು.